ತ್ರಿಪ್ಲಿಕೇನ್‌ನಲ್ಲಿ ಬರೆದ ಉಯಿಲು, ಕರ್ನಾಟಕದಲ್ಲಿರುವ ಆಸ್ತಿ: ಪ್ರೊಬೇಟ್ ನಿಯಮದಲ್ಲಾದ ಬದಲಾವಣೆ

1862ರಲ್ಲಿ ಸ್ಥಾಪನೆಗೊಂಡ ಮದ್ರಾಸ್ ಉಚ್ಚ ನ್ಯಾಯಾಲಯಕ್ಕೂ ಕನ್ನಡಿಗರಿಗೂ ಇರುವ ನಂಟು ಬಹಳ ಹಳೆಯದು. ಬಳ್ಳಾರಿಯವರು 1953ರವರೆಗೆ, ದಕ್ಷಿಣ ಕನ್ನಡ ಹಾಗೂ ಕೊಳ್ಳೇಗಾಲದವರು 1956ರವರೆಗೆ ತಮ್ಮ ಮೇಲ್ಮನವಿಗಳನ್ನು ಹೊತ್ತು ಬರುತ್ತಿದ್ದುದು ಇದೇ ಕೆಂಪು ಕಟ್ಟಡಕ್ಕೆ. ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ ಆ ಜಿಲ್ಲೆಗಳ ವ್ಯಾಜ್ಯಗಳು ಬೆಂಗಳೂರಿಗೆ ಹೋದವು. ಆದರೆ ಚೆನ್ನೈಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ನ್ಯಾಯಾಲಯದ ಬಾಗಿಲು ತಟ್ಟುವ ಒಂದು ಕಾರಣ ಮಾತ್ರ ಉಳಿದೇ ಇತ್ತು. ಅದೇ ಉಯಿಲಿನ ಪ್ರೊಬೇಟ್. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಈ ವಿಷಯದಲ್ಲಿ ಮಹತ್ವದ ಬದಲಾವಣೆ ಮಾಡಿರುವುದರಿಂದ, ಓದುಗರ ಅನುಕೂಲಕ್ಕಾಗಿ ವಿವರಗಳನ್ನು ಇಲ್ಲಿ ಸಂಗ್ರಹಿಸಿದ್ದೇವೆ.

ಪ್ರೊಬೇಟ್ ಎಂದರೆ, ಉಯಿಲು ನಿಜವಾದದ್ದೆಂದು ನ್ಯಾಯಾಲಯವು ಪರಿಶೀಲಿಸಿ, ತನ್ನ ಮುದ್ರೆಯೊಂದಿಗೆ ನೀಡುವ ದೃಢೀಕೃತ ಪ್ರತಿ. ಉಯಿಲಿನಲ್ಲಿ ಕಾರ್ಯನಿರ್ವಾಹಕರಾಗಿ ಹೆಸರಿಸಲ್ಪಟ್ಟವರಿಗೆ ಮಾತ್ರ ಅದು ದೊರೆಯುತ್ತದೆ. ಯಾರನ್ನೂ ಹೆಸರಿಸದಿದ್ದಲ್ಲಿ, ಉಯಿಲನ್ನು ಲಗತ್ತಿಸಿದ ಆಡಳಿತಾಧಿಕಾರ ಪತ್ರವನ್ನು ಕೋರಬೇಕಾಗುತ್ತದೆ.

ಭಾರತದಲ್ಲೆಲ್ಲ ಪ್ರೊಬೇಟ್ ಕಡ್ಡಾಯವಾಗಿತ್ತೆಂದು ಹಲವರು ತಿಳಿದಿದ್ದಾರೆ. ಅದು ಸರಿಯಲ್ಲ. 1870ರ ಹಿಂದೂ ಉಯಿಲು ಕಾಯಿದೆಯು ಅಂದಿನ ಬಂಗಾಳ ಪ್ರಾಂತ, ಮದ್ರಾಸ್ ನಗರ, ಬೊಂಬಾಯಿ ನಗರ ಇಷ್ಟಕ್ಕೇ ಅನ್ವಯಿಸುತ್ತಿತ್ತು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಅದನ್ನೇ 57 ಮತ್ತು 213ನೆಯ ಕಲಮುಗಳಲ್ಲಿ ಮುಂದುವರಿಸಿತು. ಮದ್ರಾಸ್ ಉಚ್ಚ ನ್ಯಾಯಾಲಯದ ಮೂಲ ಅಧಿಕಾರ ವ್ಯಾಪ್ತಿಯೊಳಗೆ ಒಬ್ಬ ಹಿಂದೂ ಉಯಿಲು ಬರೆದರೆ, ಅಥವಾ ಹೊರಗೆ ಬರೆದ ಉಯಿಲಿನಲ್ಲಿ ಆ ವ್ಯಾಪ್ತಿಯೊಳಗಿನ ಸ್ಥಿರಾಸ್ತಿಯ ಪ್ರಸ್ತಾಪವಿದ್ದರೆ, ಪ್ರೊಬೇಟ್ ಇಲ್ಲದೆ ಯಾವ ನ್ಯಾಯಾಲಯದಲ್ಲಿಯೂ ಆ ಉಯಿಲಿನ ಆಧಾರದ ಮೇಲೆ ಹಕ್ಕನ್ನು ಸ್ಥಾಪಿಸುವಂತಿರಲಿಲ್ಲ. ಇಲ್ಲಿ ಬರೆದ ಸ್ಥಳವೇ ಮುಖ್ಯವಾಗುತ್ತಿತ್ತು. ಮೈಸೂರಿನ ಮನೆಯ ಬಗ್ಗೆ ಬಸವನಗುಡಿಯಲ್ಲಿ ಕುಳಿತು ಬರೆದ ಉಯಿಲಿಗೆ ಪ್ರೊಬೇಟ್ ಬೇಕಿರಲಿಲ್ಲ; ಅದೇ ಮನೆಯ ಬಗ್ಗೆ ಅದೇ ತಂದೆ ತ್ರಿಪ್ಲಿಕೇನ್‌ನಲ್ಲಿ ಮಗನ ಮನೆಯಲ್ಲಿದ್ದಾಗ ಬರೆದಿದ್ದರೆ ಬೇಕಾಗುತ್ತಿತ್ತು!

ಇನ್ನೂ ವಿಚಿತ್ರವೆಂದರೆ, ಈ ನಿಯಮ ಒಂದೇ ಬೀದಿಯ ಎಲ್ಲರಿಗೂ ಒಂದೇ ಆಗಿರಲಿಲ್ಲ. ಮುಸ್ಲಿಮರು ಎಂದೂ ಇದರ ವ್ಯಾಪ್ತಿಗೆ ಬಂದವರಲ್ಲ. ಭಾರತೀಯ ಕ್ರೈಸ್ತರನ್ನು 2002ರ ತಿದ್ದುಪಡಿಯಿಂದ ಹೊರಗಿಡಲಾಯಿತು. ಪಾರ್ಥಸಾರಥಿ ದೇವಾಲಯದ ಸುತ್ತಲಿನ ಕುಟುಂಬಗಳು ನ್ಯಾಯಾಲಯಕ್ಕೆ ಅಲೆಯುತ್ತಿದ್ದಾಗ, ವಾಲಾಜಾ ಮಸೀದಿಯ ಸುತ್ತಲಿನ ನೆರೆಯವರಿಗೆ ಆ ತೊಂದರೆ ಇರಲಿಲ್ಲ. ಇಂತಹ ಭೇದಕ್ಕೆ ಇಂದಿನ ಕಾಲದಲ್ಲಿ ಸಮರ್ಥನೆ ಇಲ್ಲವೆಂಬುದೇ ನಮ್ಮ ಅಭಿಪ್ರಾಯ. 2025ರ ರದ್ದತಿ ಮತ್ತು ತಿದ್ದುಪಡಿ ಕಾಯಿದೆಯು 213ನೆಯ ಕಲಮನ್ನೇ ತೆಗೆದುಹಾಕಿದೆ.

ಹಾಗೆಂದು ಪ್ರೊಬೇಟ್ ಪದ್ಧತಿಯೇ ರದ್ದಾಗಿಲ್ಲ, ಕಡ್ಡಾಯ ಮಾತ್ರ ಹೋಗಿದೆ. ಮಕ್ಕಳಲ್ಲಿ ಒಮ್ಮತವಿಲ್ಲದಿದ್ದರೆ, ಅಥವಾ ಉಯಿಲಿನ ಸಾಚಾತನದ ಬಗ್ಗೆ ಯಾರಾದರೂ ಸಂಶಯ ಎತ್ತುವ ಸಂಭವವಿದ್ದರೆ, ಪ್ರೊಬೇಟ್ ಪಡೆಯುವುದು ಈಗಲೂ ಜಾಣತನ. ಉಚ್ಚ ನ್ಯಾಯಾಲಯ ನೀಡಿದ ಪ್ರೊಬೇಟ್, ಬೇರೆ ಆದೇಶವಿಲ್ಲದಿದ್ದರೆ, ಇತರ ರಾಜ್ಯಗಳಲ್ಲಿಯೂ ಸಲ್ಲುತ್ತದೆ. ಉಡುಪಿಯ ತೋಟಕ್ಕೂ ಚೆನ್ನೈಯ ಫ್ಲ್ಯಾಟಿಗೂ ಒಂದೇ ಪತ್ರ ಸಾಕು. ಅರ್ಜಿಗೆ ಯಾರಾದರೂ ತಕರಾರು ಸಲ್ಲಿಸಿದರೆ ಅದು ದಾವೆಯ ರೂಪ ತಾಳುತ್ತದೆ, ವರ್ಷಗಳು ಹಿಡಿಯುತ್ತವೆ. ಆಸ್ತಿಯೆಲ್ಲ ಬೆಂಗಳೂರಿನಲ್ಲೇ ಇದ್ದರೆ ಅಲ್ಲಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿಯೂ ಅರ್ಜಿ ಹಾಕಬಹುದು.

ನಮ್ಮ ಹಿರಿಯರಲ್ಲಿ ಅನೇಕರು ಉಯಿಲನ್ನು ಕನ್ನಡದಲ್ಲೇ ಬರೆದಿಡುತ್ತಾರೆ. ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೆ ಪ್ರೊಬೇಟ್ ಕೋರುವಾಗ, ಇಂಗ್ಲಿಷ್ ಅಲ್ಲದ ಭಾಷೆಯ ಉಯಿಲಿಗೆ ಅನುವಾದ ಲಗತ್ತಿಸಬೇಕೆಂದು ಕಾಯಿದೆಯ 277ನೆಯ ಕಲಮು ಹೇಳುತ್ತದೆ. ಆ ಭಾಷೆಗೆ ನ್ಯಾಯಾಲಯದ ಅನುವಾದಕರಿದ್ದರೆ ಅವರಿಂದಲೇ ಮಾಡಿಸಬೇಕು. ‘ಹಿತ್ತಲು’, ‘ಬಾವಿಕಟ್ಟೆ’, ‘ದಾಯಾದಿ ಪಾಲು’ ಮುಂತಾದ ಪದಗಳು ಅನುವಾದದಲ್ಲಿ ಅರ್ಥ ಬದಲಿಸಿಕೊಳ್ಳುವುದುಂಟು. ಆದ್ದರಿಂದ ಸರ್ವೆ ನಂಬರು, ಚಕ್ಕುಬಂದಿ, ವಿಸ್ತೀರ್ಣ ಇವನ್ನು ಪಹಣಿ ಅಥವಾ ಖಾತೆಯಲ್ಲಿರುವಂತೆಯೇ ಬರೆಯುವುದು ಒಳ್ಳೆಯದು.

ಬದಲಾಗದೆ ಉಳಿದ ನಿಯಮ ಸಾಕ್ಷಿಗಳದ್ದು. ಕಾಯಿದೆಯ 63ನೆಯ ಕಲಮಿನ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿಗಳು ಸಹಿ ಹಾಕಿರಬೇಕು. ಉಯಿಲನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವಾಗ, ಅವರಲ್ಲಿ ಒಬ್ಬರಾದರೂ ಬದುಕಿದ್ದು ಸಾಕ್ಷ್ಯ ನುಡಿಯಲು ಶಕ್ತರಾಗಿದ್ದರೆ, ಅವರನ್ನು ಕರೆಸಬೇಕು. ಎಂಬತ್ತು ವಯಸ್ಸಿನವರ ಉಯಿಲಿಗೆ ಅದೇ ವಯಸ್ಸಿನ ಗೆಳೆಯರಿಬ್ಬರು ಸಹಿ ಹಾಕುವುದು ನಮ್ಮಲ್ಲಿ ವಾಡಿಕೆ. ಆದರೆ ಬೇಕಾದ ಹೊತ್ತಿಗೆ ಆ ಸಾಕ್ಷಿಗಳು ಸಿಗುವುದು ಕಷ್ಟ. ಕಿರಿಯರಾದ, ಉಯಿಲಿನಿಂದ ಯಾವ ಲಾಭವನ್ನೂ ಪಡೆಯದ, ವಿಳಾಸ ಸುಲಭವಾಗಿ ತಿಳಿಯುವಂತಹವರನ್ನು ಆರಿಸಿಕೊಳ್ಳಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿದರೆ ಮೂಲ ಪ್ರತಿ ಕಳೆದಾಗ ಉಪ ನೋಂದಣಾಧಿಕಾರಿಯ ದಾಖಲೆ ನೆರವಿಗೆ ಬರುತ್ತದೆ.

ತಿದ್ದುಪಡಿಗೆ ಮುಂಚೆ ದೊರೆತ ಪ್ರೊಬೇಟ್‌ಗಳಿಗೆ ಬಾಧಕವಿಲ್ಲ. ಅರ್ಜಿ ಈಗಾಗಲೇ ಬಾಕಿ ಇರುವವರು ಅದನ್ನು ಹಿಂಪಡೆಯುವ ಆತುರ ಮಾಡದೆ, ಮೊದಲು ತಮ್ಮ ವಕೀಲರನ್ನು ವಿಚಾರಿಸತಕ್ಕದ್ದು. ಮೂಲ ಉಯಿಲು ಅರ್ಜಿಯೊಂದಿಗೆ ನ್ಯಾಯಾಲಯದ ವಶದಲ್ಲಿರುತ್ತದೆಯಾದ್ದರಿಂದ, ಊರಿನಲ್ಲಿ ಖಾತೆ ಬದಲಾವಣೆಗೆ ಹೋಗುವವರು ಅದರ ದೃಢೀಕೃತ ನಕಲನ್ನು ಮೊದಲೇ ಪಡೆದಿಟ್ಟುಕೊಳ್ಳಬೇಕು.