ನರಕದ ಹುಳುವೂ ಗ್ರಾಮಸಭೆಯ ಲೆಕ್ಕವೂ

ಬಾದಾಮಿ ತಾಲೂಕಿನ ಶಿವಯೋಗ ಮಂದಿರ ಮಲಪ್ರಭೆಯ ದಂಡೆಯ ಮೇಲಿದೆ. 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಇದನ್ನು ಕಟ್ಟಿದ್ದು ಮಠಗಳಿಗೆ ಸ್ವಾಮಿಗಳನ್ನು ತಯಾರು ಮಾಡಲಿಕ್ಕೆ. ನಾನು ಹೇಳಹೊರಟದ್ದು ಸ್ವಾಮಿಗಳ ಚರಿತ್ರೆಯಲ್ಲ, ರೊಕ್ಕದ ಚರಿತ್ರೆ. ಅದೂ ಈ ಸೀಮೆಯಲ್ಲೇ ಸಿಗುತ್ತದೆ. ಇತ್ತ ಬಾದಾಮಿಯಲ್ಲಿ ಮಂಗಲೇಶನ ಬಂಡೆ, ಅತ್ತ ಕೆಳಗೆ ಹೊಳೆ ಕೃಷ್ಣೆಗೆ ಸೇರುವಲ್ಲಿ ಬಸವಣ್ಣನ ಕೂಡಲಸಂಗಮ, ನಡುವೆ ಮತ್ತೆ ಮತ್ತೆ ಮುಳುಗಿದ ಹಳ್ಳಿಗಳು.

ಬಾದಾಮಿಯ ಮೂರನೇ ಗುಹೆ ಕ್ರಿ.ಶ. 578ರದು. ಅಲ್ಲಿ ಚಾಲುಕ್ಯ ಮಂಗಲೇಶನ ಒಂದು ಪುಟ್ಟ ಕನ್ನಡ ಶಾಸನವಿದೆ. ಕಲ್ಲಿನ ಗುಡಿಗೆ ಲಂಜಿಗೇಸರ ಎಂಬ ಊರನ್ನು ಬಿಟ್ಟುಕೊಟ್ಟದ್ದನ್ನು ಅದು ಹೇಳುತ್ತದೆ. ಮಹಾಕೂಟದ ಬದಿಯ ಇಂದಿನ ನಂದಿಕೇಶ್ವರವೇ ಆ ಊರು ಎನ್ನುತ್ತಾರೆ ವಿದ್ವಾಂಸರು. ದೇವರಿಗೆ ಹೂ ಪೋಣಿಸುವ ಮಾಲೆಗಾರರಿಗೆ ಅದರಲ್ಲಿ ಅರ್ಧ ವೀಸದ ಪಾಲು. ಕೊನೆಗೊಂದು ಶಾಪ: ಇದನ್ನು ಹಾಳು ಮಾಡಿದವನು ಪಂಚಮಹಾಪಾತಕಿಯಾಗುತ್ತಾನೆ, ಏಳನೆಯ ನರಕದ ಹುಳುವಾಗುತ್ತಾನೆ.

ಶಾಸನದ ಪಂಡಿತರು ಇದನ್ನು ಹಳಗನ್ನಡದ ಮಾದರಿಯೆಂದು ಓದುತ್ತಾರೆ. ನಾವು ಬೇರೆ ರೀತಿಯಲ್ಲಿ ಓದಬೇಕಾಗಿದೆ. ಕೊಟ್ಟದ್ದನ್ನು ತಿನ್ನುವವರು ಇದ್ದೇ ಇರುತ್ತಾರೆಂಬುದು ಅರಸನಿಗೆ ಗೊತ್ತಿತ್ತು. ಇಲ್ಲದಿದ್ದರೆ ಶಾಪ ಯಾಕೆ ಬೇಕಿತ್ತು? ಆದರೆ ತಿಂದವನಿಗೆ ಶಿಕ್ಷೆ ಸತ್ತ ಮೇಲೆ! ಬದುಕಿರುವ ತನಕ ಅವನನ್ನು ಕೇಳುವವರು ಯಾರು? ಅರ್ಧ ವೀಸ ತಪ್ಪಿದರೆ ಹೂ ಕಟ್ಟುವವನು ಯಾರ ಬಾಗಿಲಿಗೆ ಹೋಗಬೇಕು? ಬಂಡೆ ಅದನ್ನು ಹೇಳುವುದಿಲ್ಲ. ಲಂಜಿಗೇಸರದಲ್ಲಿ ಉತ್ತು ಬಿತ್ತಿದವರ ಮಾತಂತೂ ಅದರಲ್ಲಿ ಇಲ್ಲವೇ ಇಲ್ಲ. ಊರು ಅವರದು, ದಾನ ಅರಸನದು.

ಆರು ಶತಮಾನ ದಾಟಿ ಕೂಡಲಸಂಗಮಕ್ಕೆ ಬರೋಣ. ಇಲ್ಲಿ ಬೆಳೆದ ಬಸವಣ್ಣ ಮುಂದೆ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾದ. ಅರಸನ ಬೊಕ್ಕಸವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಅವನ ಮೇಲೆ ಚಾಡಿ ಹೋಯಿತೆಂದೂ, ಬಿಜ್ಜಳ ಲೆಕ್ಕ ಕೇಳಿದನೆಂದೂ, ಎಣಿಸಿ ನೋಡಿದಾಗ ಹೊನ್ನು ಕಡಿಮೆ ಬೀಳಲಿಲ್ಲವೆಂದೂ ಪುರಾಣಗಳು ಹೇಳುತ್ತವೆ. ಪುರಾಣಿಕರಿಗೆ ಅದೊಂದು ಪವಾಡ. ಪವಾಡ ಅವರಿಗೇ ಇರಲಿ. ನಮಗೆ ಬೇಕಾದದ್ದು ಇಷ್ಟು: ಆ ಕತೆಯಲ್ಲಿ ಭಂಡಾರಿ 'ನನ್ನನ್ನೇ ಕೇಳ್ತೀರೇನು?' ಎಂದು ಮೀಸೆ ತಿರುವಲಿಲ್ಲ, ಪೆಟ್ಟಿಗೆ ತೆರೆದು ತೋರಿಸಿದ. ಇಂದು ಬಸವ ಜಯಂತಿಯಲ್ಲಿ ಹಾರ ಹಾಕಲು ನೂಕಾಡುವ ಪುಢಾರಿಗಳಲ್ಲಿ ಎಷ್ಟು ಮಂದಿ ಪೆಟ್ಟಿಗೆ ತೆರೆದಾರು? ಒಂದು ಕೊರತೆ ಆ ಕತೆಯಲ್ಲೂ ಉಂಟು. ಲೆಕ್ಕ ಕೇಳಿದವನು ಅರಸ. ಬೊಕ್ಕಸ ತುಂಬಿದ ಒಕ್ಕಲಿಗ, ಮಾದಾರ, ಡೋಹಾರ ಕೇಳಿದ್ದಲ್ಲ.

ಇನ್ನು ನಡುವಿನ ಹಳ್ಳಿಗಳು. 2009ರ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕ ಮುಳುಗಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಪ್ರಧಾನಿ ವಿಮಾನದಿಂದ ನೋಡಿ 1000 ಕೋಟಿ ರೂಪಾಯಿ ಘೋಷಿಸಿದರು. ದಾನಿಗಳು ಬಂದರು, 'ಆಸರೆ' ಮನೆಗಳು ಎದ್ದವು. ಎಷ್ಟೋ ಕಡೆ ಆ ಮನೆಗಳಿಗೆ ಜನ ಹೋಗಲಿಲ್ಲ. ಹೊಲ ದೂರ, ನೀರಿಲ್ಲ, ಗೋಡೆ ಬಿರುಕು. ಹತ್ತು ವರ್ಷಕ್ಕೆ, 2019ರ ಆಗಸ್ಟ್‌ನಲ್ಲಿ, ನವಿಲುತೀರ್ಥದ ನೀರು ಮತ್ತೆ ಬಂತು. ಪಟ್ಟದಕಲ್ಲಿನ ಗುಡಿಗಳೇ ನೀರಲ್ಲಿ ನಿಂತವು. ಆಸರೆ ಎಲ್ಲಿತ್ತು? ಈ ಸಲ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದಿತು ಸರಕಾರ. ಹಾನಿ ಎಷ್ಟೆಂದು ಎ, ಬಿ, ಸಿ ಎಂದು ವಿಂಗಡಿಸಿದರು. ನೆರೆಪೀಡಿತ ಜಿಲ್ಲೆಗಳಿಂದ ಬಂದ ದೂರುಗಳೂ ಆ ಅಕ್ಷರಗಳ ಮೇಲೆಯೇ: ಬಿದ್ದ ಮನೆ 'ಸಿ' ಆಯಿತು, ನಿಂತ ಮನೆ 'ಎ' ಆಯಿತು. ಮನೆ ಬಿದ್ದದ್ದು ಹೊಳೆಯಿಂದ, ಬದುಕು ಬಿದ್ದದ್ದು ಒಂದಕ್ಷರದಿಂದ.

ಹಳ್ಳಿಯ ಪಟ್ಟಿಯಲ್ಲಿ ನಡೆಯುವುದೇ ವಿಧಾನಸೌಧದ ಪಟ್ಟಿಯಲ್ಲೂ ನಡೆಯುತ್ತದೆ. 2013ರಲ್ಲಿ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆಯ ಕಾಯ್ದೆ ಬಂತು. ಜನಸಂಖ್ಯೆಗೆ ತಕ್ಕ ಪಾಲು, ಅಂದರೆ ನೂರಕ್ಕೆ 24.1 ರೂಪಾಯಿ, ಕೇರಿಗಳಿಗೇ ಮೀಸಲು ಎಂದಿತು ಅದು. ಅದೇ ಕಾಯ್ದೆಯೊಳಗೆ 7-ಡಿ ಎಂಬ ಕಿಂಡಿಯೊಂದನ್ನೂ ಇಟ್ಟರು. ಊರಿಗೆಲ್ಲ ಹಾಕುವ ರಸ್ತೆಯ, ಕಟ್ಟುವ ಕಾಲುವೆಯ ಖರ್ಚನ್ನೂ ದಲಿತರ ಖಾತೆಗೆ ಬರೆಯಬಹುದಾದ ಕಿಂಡಿ. ವರ್ಷಗಟ್ಟಲೆ ಹೋರಾಡಿದ ಮೇಲೆ 2023ರಲ್ಲಿ ಅದನ್ನು ಕಿತ್ತರು. ಅದೇ ವರ್ಷ 11 ಸಾವಿರ ಕೋಟಿಗೂ ಮೀರಿದ ಉಪಯೋಜನೆಯ ಹಣ ಗ್ಯಾರಂಟಿಗಳಿಗೆ ಹೋಯಿತು. ಫಲಾನುಭವಿಗಳಲ್ಲಿ ದಲಿತರೂ ಇದ್ದಾರಲ್ಲ ಎಂಬುದು ಸರಕಾರದ ಉತ್ತರ. ಎಲ್ಲರಿಗೂ ಕೊಡುವುದನ್ನು ನಮ್ಮ ಪಾಲಿನಿಂದ ಕೊಟ್ಟರೆ, ನಮ್ಮ ಪಾಲು ಅನ್ನುವುದು ಯಾವುದು?

2024ರ ಮೇ 26ರಂದು ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಲೆಕ್ಕಪತ್ರದ ಅಧೀಕ್ಷಕರೊಬ್ಬರು ಶಿವಮೊಗ್ಗದಲ್ಲಿ ಪತ್ರ ಬರೆದಿಟ್ಟು ಪ್ರಾಣ ಕಳೆದುಕೊಂಡರು. ನಿಗಮದ ಹಣ ಅಕ್ರಮವಾಗಿ ಬೇರೆ ಖಾತೆಗಳಿಗೆ ಹೋದದ್ದು ಹೊರಬಿತ್ತು. ವಿರೋಧ ಪಕ್ಷದವರು 187 ಕೋಟಿ ಎಂದರು. ಅಲ್ಲ, ಸುಮಾರು 89 ಕೋಟಿ ಮಾತ್ರ ಎಂದು ಮುಖ್ಯಮಂತ್ರಿಗಳು ಸದನದಲ್ಲಿ ಉತ್ತರ ಕೊಟ್ಟರು. 'ಮಾತ್ರ' ಎಂಬ ಆ ಮಾತು ಎಷ್ಟು ಹಗುರ! ಖಾತೆಯ ಸಚಿವರು ಜೂನ್ 6ರಂದು ರಾಜೀನಾಮೆ ಕೊಟ್ಟರು, ಜುಲೈನಲ್ಲಿ ಬಂಧನವಾಯಿತು, ಮುಂದೆ ಜಾಮೀನೂ ಸಿಕ್ಕಿತು. ತಪ್ಪು ಯಾರದೆಂದು ಹೇಳುವುದು ನ್ಯಾಯಾಲಯದ ಕೆಲಸ. ಆದರೆ ಕೊಳವೆಬಾವಿಗಾಗಿ, ಸಣ್ಣ ಸಾಲಕ್ಕಾಗಿ ಅರ್ಜಿ ಹಿಡಿದು ನಿಂತ ಬೇಡರ ಹಟ್ಟಿಯ ಹೆಣ್ಣುಮಗಳಿಗೆ ಜಾಮೀನು ಕೊಡುವವರು ಯಾರು?

ಮಂಗಲೇಶನಿಂದ ಇಲ್ಲಿಯ ತನಕ ಒಂದು ಮಾತು ಬದಲಾಗಿಲ್ಲ. ಅರ್ಧ ವೀಸದವನ ಪಾಲೇ ಮೊದಲು ಹೋಗುತ್ತದೆ. ಆದರೆ ಒಂದು ಮಾತು ಬದಲಾಗಿದೆ. ಅಂದು ಅದು ಅರಸನ ದಾನ, ಇಂದು ನಮ್ಮ ಹಕ್ಕು. 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮಸಭೆಯನ್ನು ಕೊಟ್ಟಿತು. 2005ರ ಮಾಹಿತಿ ಹಕ್ಕು ಕಾಯ್ದೆ ಕಾಗದ ಕೇಳುವ ಅಧಿಕಾರ ಕೊಟ್ಟಿತು. ಅದೇ ವರ್ಷದ ಉದ್ಯೋಗ ಖಾತ್ರಿ ಕಾಯ್ದೆ ಹಾಜರಿ ಪಟ್ಟಿಯನ್ನು ಕೂಲಿಯವರ ಎದುರೇ ಓದುವ ಸಾಮಾಜಿಕ ಪರಿಶೋಧನೆಯನ್ನು ತಂದಿತು. ಇವೆಲ್ಲ ತಾವಾಗಿ ಲೆಕ್ಕ ಒಪ್ಪಿಸುವುದಿಲ್ಲ. ಅಗಸೆಕಟ್ಟೆಯ ಮೇಲೆ ನಾಲ್ಕು ಜನ ಕೂತು ರಿಜಿಸ್ಟರಿಗೆ ಸಹಿ ಹಾಕಿದರೆ ಅದೂ ಗ್ರಾಮಸಭೆಯೇ ಆಗುತ್ತದೆ, ಕಾಗದದ ಮೇಲೆ.

ಆದ್ದರಿಂದ ತಿಂದವನು ನರಕದ ಹುಳುವಾಗಲಿ ಎಂದು ಶಾಪ ಹಾಕುತ್ತ ಕೂರುವುದು ಬೇಡ. ಹದಿನಾಲ್ಕು ನೂರು ವರ್ಷ ಆ ಶಾಪ ಯಾರ ಕೈಯನ್ನೂ ತಡೆದಿಲ್ಲ. ಕೇರಿಯಿಂದ ಹತ್ತು ಜನ ಎದ್ದು ಹೋಗಿ, ಕಟ್ಟೆಯ ಮುಂದೆ ನಿಂತು, 'ನಮ್ಮ ರೊಕ್ಕ ಎಲ್ಲಿ ಹೋತು? ಓದಿ ಹೇಳ್ರಿ' ಅನ್ನಬೇಕು. ಓದುವ ತನಕ ಏಳಬಾರದು.