ಕಣ್ಣಿಗೇರದ ನಗೆ

ಮನುಷ್ಯನ ಮುಖ ತೋರುವ ಫೋಟೋಕ್ಕೆ ಕನ್ನಡದಲ್ಲಿ ಭಾವಚಿತ್ರ ಎಂಬ ಹೆಸರಿದೆ. ಆದರೆ ಛಾಯಾಗ್ರಹಣದ ಆರಂಭದ ದಿನಗಳಲ್ಲಿ ಕ್ಯಾಮೆರಾಕ್ಕೆ ಸಿಗದೆ ಜಾರಿಕೊಳ್ಳುತ್ತಿದ್ದುದು ಭಾವವೇ. ಒಂದು ಚಿತ್ರ ಮೂಡಬೇಕಾದರೆ ಎಷ್ಟೋ ಸೆಕೆಂಡುಗಳ ಕಾಲ ಅಲುಗಾಡದೆ ಕೂರಬೇಕಿತ್ತು. ನಗೆಯಾಗಲಿ, ಭಯವಾಗಲಿ ಅಷ್ಟು ಹೊತ್ತು ಮುಖದ ಮೇಲೆ ನಿಲ್ಲುವುದುಂಟೆ?

ಈ ತೊಡಕಿಗೆ ಫ್ರಾನ್ಸಿನ ವೈದ್ಯ ದುಶೆನ್ (1806–1875) ಕಂಡುಕೊಂಡ ಉಪಾಯ ವಿಚಿತ್ರವಾದುದು. ಪ್ಯಾರಿಸ್ಸಿನಲ್ಲಿ ನರ ಮತ್ತು ಸ್ನಾಯುಗಳ ರೋಗಗಳನ್ನು ಅಭ್ಯಾಸ ಮಾಡುತ್ತಿದ್ದ ಆತ, ಮುಖದ ಚರ್ಮಕ್ಕೆ ವಿದ್ಯುತ್ ಕಡ್ಡಿಗಳನ್ನು ತಾಗಿಸಿ ಒಂದೊಂದೇ ಸ್ನಾಯು ಬಿಗಿಯುವಂತೆ ಮಾಡಿದ. ವಿದ್ಯುತ್ ಹರಿಯುವಷ್ಟು ಹೊತ್ತು ಮುಖಭಾವ ಕದಲದೆ ನಿಲ್ಲುತ್ತಿತ್ತು. ಕ್ಯಾಮೆರಾ ಅದನ್ನು ಹಿಡಿಯುತ್ತಿತ್ತು. 1862ರಲ್ಲಿ ಮಾನವ ಮುಖಚರ್ಯೆಯ ಕುರಿತ ಅವನ ಗ್ರಂಥ ಈ ಚಿತ್ರಗಳೊಂದಿಗೆ ಹೊರಬಂತು.

ಅದರಲ್ಲಿ ಮತ್ತೆ ಮತ್ತೆ ಕಾಣುವುದು ಹಲ್ಲು ಬಿದ್ದ ಒಬ್ಬ ಮುದುಕನ ಮುಖ. ಅವನ ಮುಖಕ್ಕೆ ಸ್ಪರ್ಶಜ್ಞಾನ ಬಹಳ ಕಡಿಮೆಯಿದ್ದುದರಿಂದ ವಿದ್ಯುತ್ತಿನ ನೋವು ತಟ್ಟುತ್ತಿರಲಿಲ್ಲ. ಚಿತ್ರದಲ್ಲಿ ಆತ ಭೀತಿಯಿಂದ ಬಾಯಿ ತೆರೆದಿದ್ದಾನೆ. ಆದರೆ ಆ ಭೀತಿ ಸ್ನಾಯುಗಳದು, ಮನಸ್ಸಿನದಲ್ಲ.

ಹಾಗಾದರೆ ಇಂಥ ಚಿತ್ರವನ್ನು ಭಾವನೆಗೆ ಸಾಕ್ಷಿ ಎನ್ನಬಹುದೆ? ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡವನು ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್. ಕೆನ್ನೆಯ ಸ್ನಾಯುವನ್ನಷ್ಟೇ ಎಳೆದರೆ ತುಟಿ ಅರಳುತ್ತದೆ, ನಗೆ ಮಾತ್ರ ಹುಸಿಯಾಗಿ ಕಾಣುತ್ತದೆ. ನಿಜವಾದ ಸಂತೋಷದಲ್ಲಿ ಕಣ್ಣಿನ ಸುತ್ತಲಿನ ಸ್ನಾಯುವೂ ಬಿಗಿಯುತ್ತದೆ ಎಂದು ದುಶೆನ್ ಹೇಳಿದ್ದ. ಡಾರ್ವಿನ್ ಆ ಮುದುಕನ ವಿದ್ಯುತ್ ನಗೆಯ ಚಿತ್ರವನ್ನು 24 ಜನರಿಗೆ ತೋರಿಸಿದ. 3 ಜನರಿಗೆ ಅದೇನೆಂದೇ ತಿಳಿಯಲಿಲ್ಲ. ಉಳಿದವರು ನಗೆಯೆಂದು ಗುರುತಿಸಿದರೂ ಅದರಲ್ಲೇನೋ ಕೊಂಕು ಕಂಡರು. ಅದೇ ಮುದುಕನ ಸಹಜ ನಗೆಯನ್ನು ಮಾತ್ರ ಹೆಚ್ಚುಕಡಿಮೆ ಎಲ್ಲರೂ ಒಪ್ಪಿದರು. ವಿವರಣೆ ಮೊದಲೇ ಗೊತ್ತಿದ್ದರೆ ಕಣ್ಣು ಮೋಸಹೋಗುತ್ತದೆ ಎಂಬುದನ್ನೂ ಡಾರ್ವಿನ್ ಮನಗಂಡ.

ಆದರೂ 1872ರಲ್ಲಿ ಪ್ರಕಟವಾದ ಡಾರ್ವಿನ್ನನ ಪುಸ್ತಕ ಪೂರ್ತಿ ನಿರ್ಮಲವಲ್ಲ. ಛಾಯಾಗ್ರಾಹಕ ರೈಲಾಂಡರ್ ತಾನೇ ಅಭಿನಯಿಸಿದ ಭಾವಗಳು ಅದರಲ್ಲಿವೆ. ಮುದುಕನ ಭೀತಿಯ ಚಿತ್ರವನ್ನು ಮರದಚ್ಚಿಗೆ ಇಳಿಸುವಾಗ ವಿದ್ಯುತ್ ಕಡ್ಡಿಗಳನ್ನು ಕೈಬಿಡಲಾಯಿತು. ಪಕ್ಕದ ಬರಹವನ್ನು ಓದದೆ ಚಿತ್ರವನ್ನಷ್ಟೇ ನೋಡಿದವರಿಗೆ ಅದು ನಿಜವಾದ ಭಯವೇ.

ಕಣ್ಣಂಚಿನ ನೆರಿಗೆಯನ್ನು ಬೇಕೆಂದೇ ತರಬಲ್ಲವರೂ ಇದ್ದಾರೆಂದು ಇತ್ತೀಚಿನ ಸಂಶೋಧನೆಗಳು ತೋರಿಸಿವೆ. ಆದರೂ ಕಣ್ಣಿಗೇರುವ ನಗೆಗೆ ವಿಜ್ಞಾನಿಗಳು ಇಂದಿಗೂ 'ದುಶೆನ್ ನಗೆ' ಎನ್ನುತ್ತಾರೆ. ಹೆಸರು ವೈದ್ಯನದು, ಮುಖ ಆ ಮುದುಕನದು. ದುಶೆನ್ನನ ಗ್ರಂಥದಲ್ಲಿ ಆತ ಬರೀ ಒಬ್ಬ ಮುದುಕ.