ಪಹಣಿ, ಹದಿನೈದು ರೂಪಾಯಿ ಮತ್ತು ಸರತಿ ಸಾಲು

ಸಾಫ್ಟ್‌ವೇರ್ ಮಂದಿ 'ಐಟಿ ಸರ್ವಿಸ್ ಮ್ಯಾನೇಜ್‌ಮೆಂಟ್' ಅಂತ ಶುರು ಮಾಡಿದರೆ ನನಗೆ ಆಕಳಿಕೆ ಬರುತ್ತದೆ. 1980ರ ದಶಕದಲ್ಲಿ ಬ್ರಿಟನ್ನಿನ ಸರ್ಕಾರಿ ಕಚೇರಿಯೊಂದರಲ್ಲಿ ಹುಟ್ಟಿದ ಐಟಿಐಎಲ್ ಪುಸ್ತಕಗಳ ತಿರುಳು ನನಗೆ ತಿಳಿದಂತೆ ಇಷ್ಟೇ: ಯಂತ್ರ ತಂದಿಟ್ಟರೆ ಸಾಲದು, ಬಂದವರ ಕೆಲಸ ಆಗಬೇಕು. ಇದಕ್ಕೆ ನಮ್ಮ 'ಭೂಮಿ'ಗಿಂತ ಒಳ್ಳೆಯ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಬಳ್ಳಾರಿ ಸೀಮೆಗೆ ಹೊಲದ ಲೆಕ್ಕ ಹೊಸದೇನಲ್ಲ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇದ್ದು, ಹೊಲ ಹೊಲ ಅಳೆಸಿ, ಒಬ್ಬೊಬ್ಬ ರೈತನ ಮೇಲೂ ನೇರವಾಗಿ ಕಂದಾಯ ಗೊತ್ತುಮಾಡಿದ. ನೇರ ಅನ್ನೋದು ಹೆಸರಿಗೆ. ಲೆಕ್ಕದ ಪುಸ್ತಕ ಇದ್ದದ್ದು ಊರಿನ ಕರಣಂ ಬಗಲಲ್ಲಿ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು, 1960ರ ದಶಕದಲ್ಲಿ ವಂಶಪಾರಂಪರ್ಯದ ಹುದ್ದೆಗಳು ಹೋಗಿ ಗ್ರಾಮಲೆಕ್ಕಿಗರು ಬಂದರು. ಪುಸ್ತಕ ಬಗಲು ಬದಲಿಸಿತು, ಅಷ್ಟೆ.

ಸಿರುಗುಪ್ಪದಂಥ ಕಡೆ ಇದು ಹೊಟ್ಟೆಪಾಡಿನ ಮಾತು. ತುಂಗಭದ್ರೆಯ ಕಾಲುವೆ ನೀರಿನ ಭತ್ತದ ಸೀಮೆ ಅದು. ನಾಟಿಗೆ ಸಾಲ ಬೇಕು, ಬ್ಯಾಂಕಿನ ಸಾಲಕ್ಕೆ ಪಹಣಿ ಬೇಕು. ಪಹಣಿ ತಡವಾದರೆ ಸಸಿ ಕಾಯುತ್ತದೆಯೇ? ಬಡ್ಡಿ ಸಾಹುಕಾರನ ಬಾಗಿಲೇ ಗತಿ.

1990ರ ದಶಕದ ಮೊದಲ ಪ್ರಯತ್ನಗಳಲ್ಲಿ ಮಾಹಿತಿಯನ್ನೇನೋ ಕಂಪ್ಯೂಟರಿಗೆ ತುಂಬಿದರು. ತಾಲ್ಲೂಕಿನಲ್ಲಿ ಅದನ್ನು ತಿದ್ದುವ, ರೈತರಿಗೆ ಕೊಡುವ ಏರ್ಪಾಡೇ ಇರಲಿಲ್ಲ. 2001ರ ಹೊತ್ತಿಗೆ ಬಂದ 'ಭೂಮಿ' ಬೇರೆ ಥರ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವ, ಎನ್‌ಐಸಿಯ ತಂತ್ರಾಂಶ, ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆ. ಆದರೆ ನನಗೆ ಹಿಡಿಸಿದ್ದು ಈ ದೊಡ್ಡ ಅಂಕಿಗಳಲ್ಲ. ಪಹಣಿಗೆ 15 ರೂಪಾಯಿ ಅಂತ ಗೊತ್ತಾದ ದರ. ಖಾತೆ ಬದಲಾವಣೆಯ ಅರ್ಜಿಗೆ ಸರತಿ. ಮೊದಲು ಬಂದವರದು ಮೊದಲು, ಅದನ್ನು ದಾಟಲು ತಂತ್ರಾಂಶವೇ ಬಿಡದು. ತಿದ್ದುವ ನೌಕರ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೈಬರಹದ ಪಹಣಿಗೆ ಮಾನ್ಯತೆಯನ್ನೇ ತೆಗೆದರು. ಇದೊಂದು ಮಾಡದಿದ್ದರೆ ಹಳೇ ಪುಸ್ತಕವೂ ಹೊಸ ಯಂತ್ರವೂ ಜೊತೆಗೇ ನಡೆದು, ಗೆಲ್ಲುತ್ತಿದ್ದದ್ದು ಪುಸ್ತಕವೇ!

ನಷ್ಟವೂ ಇತ್ತು. ಊರಲ್ಲಿದ್ದ ಪುಸ್ತಕ ತಾಲ್ಲೂಕು ಕಚೇರಿ ಸೇರಿದ್ದರಿಂದ ಕುರುಗೋಡಿನವರು ಪಹಣಿಗೆ ಬಳ್ಳಾರಿ ಬಸ್ಸು ಹತ್ತಬೇಕಾಯಿತು. (ಕುರುಗೋಡು ತಾಲ್ಲೂಕು ಘೋಷಣೆಯಾದದ್ದು 2017ರಲ್ಲಿ.) ಈಗ ಆನ್‌ಲೈನಿನಲ್ಲೇ ಪಹಣಿ ಸಿಗುತ್ತದೆ ಬಿಡಿ. ಇನ್ನೊಂದು ತೊಡಕು ಹಾಗೆ ಬಗೆಹರಿಯುವಂಥದ್ದಲ್ಲ: ಕೈಬರಹದ ಪುಸ್ತಕದಲ್ಲಿ ಹೆಸರು, ವಿಸ್ತೀರ್ಣ ತಪ್ಪಿದ್ದರೆ ಅದು ತಪ್ಪಾಗಿಯೇ ಕಂಪ್ಯೂಟರಿಗೂ ಹೋಯಿತು. ಪಹಣಿ ನಿಮಿಷಗಳ ಕೆಲಸ. ಅದರೊಳಗಿನ ತಪ್ಪು ತಿದ್ದಿಸಲು ಅರ್ಜಿ, ವಿಚಾರಣೆ, ಮತ್ತೆ ಓಡಾಟ.

ನಿಮ್ಮ ತಾಲ್ಲೂಕಿನಲ್ಲಿ ಆಗ ಹೇಗಿತ್ತು? ನೆನಪಿದ್ದವರು ಬರೆಯಿರಿ.